ಮಹಡಿ ಕೋಣೆಯ ಭಾವ

ಬೀಗದಣ್ಣ ಆ ಗುಂಡಿಯನ್ನು ಒತ್ತಲೇಬೇಕೆಂದು ಒತ್ತಿದ್ದಲ್ಲ. ಒತ್ತಿದರೆ ಏನಾಗುತ್ತದೋ ನೋಡೋಣ ಅಂತ ಒತ್ತಿದ್ದು. ಕೋಣೆ ಬಾಡಿಗೆಗೆ ಕೊಡುವ ಮೊಬೈಲು ಆ್ಯಪಿನಲ್ಲಿ ತನ್ನ ಮಹಡಿ ಕೋಣೆಯ ಫೋಟೋ ಹಾಕಿ, ಹಾಸಿಗೆ ಹೇಗೆ ಕಾಣುತ್ತದೆ, ಕಿಟಕಿ ಹೇಗೆ ಕಾಣುತ್ತದೆ ಎಂದು ಕತ್ತು ಓರೆ ಮಾಡಿ ನೋಡುತ್ತಿದ್ದಾಗ ಕೆಳಗೆ ‘ಅತಿಥಿಗಳಿಗೆ ತೋರಿಸಿ’ ಎಂಬ ಗುಂಡಿ ಕಂಡಿತು. ಒತ್ತಿದ. ಮೊಬೈಲು ಏನೂ ಅನ್ನಲಿಲ್ಲ. ಇವನೂ ಏನೂ ಅನ್ನದೆ ಹೋಗಿ ಮಲಗಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಟೋಪಿ ಹಾಕಿದ ಸಣಕಲು ಮನುಷ್ಯರೊಬ್ಬರು ಸೂಟ್‌ಕೇಸ್ ಹಿಡಿದು ನಿಂತಿದ್ದರು.

"ಕೋಣೆ ಇದೇ ಅಲ್ವಾ? ಫೋಟೋದಲ್ಲಿ ಕಿಟಕಿ ಎಡಗಡೆ ಇತ್ತು. ನಿಜವಾಗ್ಲೂ ಎಡಗಡೆನೇ ಇದೆಯಾ?"

ಬೇರೆ ದಿನವಾಗಿದ್ದರೆ ಬೀಗದಣ್ಣ ಕುಣಿದಾಡಿಬಿಡುತ್ತಿದ್ದ. ಮನೆಯ ಮುಂಭಾಗದಲ್ಲಿ ಅವನದು ಬೀಗ ರಿಪೇರಿ ಅಂಗಡಿ, ಹಿಂದೆ ಸಂಸಾರ, ಮೇಲೆ ಒಂದೇ ಒಂದು ಖಾಲಿ ಕೋಣೆ. ಊರು ನೋಡಲು ಬಂದವರಿಗೆ ಆ ಕೋಣೆಯನ್ನು ಒಂದೆರಡು ದಿನದ ಮಟ್ಟಿಗೆ ಕೊಡಬೇಕೆಂಬುದು ಅವನ ಬಹುದಿನದ ಆಸೆ. ಆದರೆ ನಗರಪಾಲಿಕೆ ಹೊಸ ನಿಯಮ ಮಾಡಿತ್ತು. ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವವರು ಪರವಾನಗಿ ಪಡೆದು, ಬಾಗಿಲ ಪಕ್ಕ ಹಸಿರು ಫಲಕ ಹೊಡೆಯಬೇಕು. ಈ ನಿಯಮವನ್ನು ರಸ್ತೆ ಕೊನೆಯ ಗೋಡೆಗೆ ಅಂಟಿಸಿದ್ದರು. ಬೀಗದಣ್ಣ ಹೋಗಿ ಓದಿಕೊಂಡೂ ಬಂದಿದ್ದ. ಮೇಲಿನ ಅರ್ಧ ಮಾತ್ರ. ಕೆಳಗಿನ ಅರ್ಧದ ಮೇಲೆ ಯಾರೋ ‘ಬೆಕ್ಕು ಕಾಣೆಯಾಗಿದೆ’ ಎಂಬ ಚೀಟಿ ಅಂಟಿಸಿಬಿಟ್ಟಿದ್ದರು. ಬೆಕ್ಕಿನ ಬಗ್ಗೆ ಪೂರ್ತಿ ಓದಿ, ಅಯ್ಯೋ ಪಾಪ ಎಂದುಕೊಂಡು ವಾಪಸಾಗಿದ್ದ.

ಅರ್ಜಿಯನ್ನೂ ಹಾಕಿದ್ದ, ಪಾಲಿಕೆಯವರು ಕೋಣೆ ನೋಡಲು ಬರುವುದು ಇವತ್ತೇ. ಫಲಕ ಬರುವ ಮುಂಚೆಯೇ ಅತಿಥಿ ಬಂದು ಕೂತದ್ದು ಗೊತ್ತಾದರೆ ಅರ್ಜಿ ಕಸದ ಬುಟ್ಟಿಗೆ. ಅರ್ಜಿ ಹೋದರೆ ಹೋಗಲಿ ಅನ್ನುವಂತಿಲ್ಲ, ಏಕೆಂದರೆ ಹೆಂಡತಿ ವಾರದಿಂದ ಒಂದೇ ಮಾತು ಹಿಡಿದಿದ್ದಳು.

"ಪರವಾನಗಿ ಸಿಕ್ರೆ ಕೋಣೆ ನಿಮ್ಮ ಅತಿಥಿಗಳಿಗೆ. ಸಿಗ್ಲಿಲ್ಲ ಅಂದ್ರೆ ನಮ್ಮಣ್ಣನಿಗೆ. ಅವನು ಸಂಜೆ ಬಸ್ಸಿಗೆ ಬರ್ತಿದಾನೆ. ಇರು ಅನ್ನೋದೋ, ಹೋಗು ಅನ್ನೋದೋ, ನೀವೇ ಅವನ ಮುಖ ನೋಡಿ ಹೇಳಿ."

ಆ ಅಣ್ಣ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿ ಕೆಲಸಕ್ಕೆ ಮಾತ್ರ, ಸೀಟಿಗೆ ಅಲ್ಲ. ಹೋದ ವರ್ಷ ಬೀಗದಣ್ಣ ಅವರ ಮನೆಗೆ ನಾಲ್ಕು ದಿನ ಇರಲು ಹೋಗಿದ್ದಾಗ, ಕೋಳಿ ಏಳುವ ಮೊದಲೇ ಕಿವಿಯ ಹತ್ತಿರ ಸೀಟಿ ಊದಿ ಎಬ್ಬಿಸಿ, ಮನೆಯ ಸುತ್ತ ಓಡಿಸಿ, ಅವನ ಹೊಟ್ಟೆಯನ್ನು ಬೆರಳಿನಿಂದ ಚುಚ್ಚಿ, "ಇದನ್ನ ನಾನು ಕರಗಿಸ್ತೀನಿ ಭಾವ, ನನಗೆ ಬಿಡಿ" ಎಂದಿದ್ದರು. ಅವರು ಬಂದು ಖಾಯಮ್ಮಾಗಿ ಮಹಡಿಯಲ್ಲಿ ನೆಲೆಸುತ್ತಾರೆ ಎಂದು ನೆನೆದರೇ ಅವನ ಮಂಡಿ ನೋಯಲು ಶುರುವಾಗುತ್ತಿತ್ತು.

ಟೋಪಿಯವರನ್ನು ವಾಪಸ್ ಕಳಿಸಲು ನೋಡಿದ. ಅಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.

"ಈ ಮೂರನೇ ಮೆಟ್ಟಿಲು ಮಾತ್ರ ಯಾಕೆ ಕಿರುಗುಟ್ಟುತ್ತೆ? ಮೇಲೆ ಆ ಬಾಗಿಲ ಬೀಗ ಯಾರು ಮಾಡಿದ್ದು?"

ಬೀಗದ ಮಾತು ಬಂದರೆ ಬೀಗದಣ್ಣ ಕರಗಿ ನೀರಾಗುತ್ತಿದ್ದ. "ನಾನೇ! ಕೈಯಾರೆ ಮಾಡಿದ್ದು. ಇದಕ್ಕೆ ಕೀಲಿಕೈ ಒಂದೇ. ಅದಿಲ್ದೆ ಹೋದ್ರೆ ಯಾರ ಕೈಲೂ ತೆಗೆಯೋಕಾಗಲ್ಲ, ನನ್ನ ಕೈಲೂ ಆಗಲ್ಲ" ಎಂದು ಎದೆಯುಬ್ಬಿಸಿ, ಆ ಉಬ್ಬಿನಲ್ಲೇ ಕೀಲಿಕೈಯನ್ನು ಅವರ ಕೈಗೆ ಕೊಟ್ಟುಬಿಟ್ಟ. ಕೊಟ್ಟ ಮೇಲೆ ತಲೆ ಚಚ್ಚಿಕೊಂಡ. ಆಮೇಲೆ ಹೊಳೆಯಿತು ಉಪಾಯ.

"ನೋಡಿ ಸ್ವಾಮಿ, ಪಾಲಿಕೆಯವರು ಬಂದು ಹೋಗೋ ತನಕ ನೀವು ನನ್ನ ಹೆಂಡತಿಯ ಅಣ್ಣ."

"ಆಗ್ಲಿ. ಅಣ್ಣ ಆದ್ರೆ ಏನು ಮಾಡ್ಬೇಕು?"

"ಏನೂ ಮಾಡ್ಬೇಡಿ. ಭಾವಂದಿರು ಏನೂ ಮಾಡಲ್ಲ."

"ಹಾಗಾದ್ರೆ ಸುಲಭ" ಎಂದು ಟೋಪಿಯವರು ಹೋಗಿ ಹಾಸಿಗೆಯ ಮೇಲೆ ಕೂತರು.

ಹೆಂಡತಿಗೆ ಹೇಳಿದ. "ನನಗೇನು, ಒಬ್ಬನ ಬದಲು ಇಬ್ಬರು ಅಣ್ಣಂದಿರು" ಎಂದು ಅವಳು ನಕ್ಕಳು. ಆ ನಗು ಬೀಗದಣ್ಣನಿಗೆ ಅಷ್ಟಾಗಿ ಹಿಡಿಸಲಿಲ್ಲ. ಇನ್ನು ಅಕ್ಕಪಕ್ಕದವರು. ಎದುರುಮನೆಯ ಹೊಲಿಗೆಯಮ್ಮ ಮಿಷನ್ನನ್ನು ಕಿಟಕಿಗೆ ಹಾಕಿಕೊಂಡಿದ್ದೇ ರಸ್ತೆ ಕಾಣಲಿ ಎಂದು. ಪಕ್ಕದ ಮನೆಯ ಪೋಸ್ಟ್‌ಮಾಸ್ಟರಿಗೆ ಕೆಲಸದಿಂದ ನಿವೃತ್ತಿಯಾದ ಮೇಲೆ ಬೀದಿಯವರ ಸಮಾಚಾರವೇ ಟಪಾಲು. ಇವರಿಬ್ಬರಿಗೆ ಮೊದಲೇ ಹೇಳಿಟ್ಟರೆ ಕ್ಷೇಮವೆಂದು ಬೀಗದಣ್ಣ ಚಪ್ಪಲಿ ಮೆಟ್ಟಿಕೊಂಡು ಓಡಿದ.

"ಯಾರಾದ್ರೂ ಕೇಳಿದ್ರೆ ಅವರು ನನ್ನ ಭಾವ ಅಂತ ಹೇಳಿಬಿಡಿ ಅಮ್ಮ. ಅಷ್ಟೇ ಸಾಕು."

"ನೀನು ನಿಶ್ಚಿಂತೆಯಾಗಿರಪ್ಪ, ನನ್ನ ಬಾಯಿಂದ ಬೇರೆ ಒಂದು ಮಾತು ಬಂದ್ರೆ ಕೇಳು" ಎಂದರು ಹೊಲಿಗೆಯಮ್ಮ. "ಆದ್ರೂ ಯಾರಪ್ಪ ಅವರು? ಯಾವೂರು? ಬೇಸಿಗೆಯಲ್ಲೂ ಟೋಪಿ ಯಾಕೆ? ತಲೆ ಬೋಳಾ?"

ಪೋಸ್ಟ್‌ಮಾಸ್ಟರು ಏನೂ ಕೇಳಲಿಲ್ಲ. ಕೋಟು ತೊಟ್ಟುಕೊಂಡು, "ಅಗತ್ಯ ಬಿದ್ರೆ ನಾನೇ ಬರ್ತೀನಿ" ಎಂದರು. ಅಗತ್ಯ ಬೀಳಬಾರದಲ್ಲಪ್ಪ ಎಂದುಕೊಳ್ಳುತ್ತಾ ಬೀಗದಣ್ಣ ಮನೆ ಸೇರಿದ.

ಪಾಲಿಕೆಯಿಂದ ಬಂದವರು ನಗುಮುಖದ ಆಫೀಸರಮ್ಮ. ಗದರುವ, ಗುರುಗುಟ್ಟುವ ಜಾತಿಯಲ್ಲ. ನೀರಿನ ನಲ್ಲಿ ತಿರುಗಿಸಿ ನೋಡಿದರು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುದ್ರೆ ನೋಡಿದರು, ಕಿಟಕಿ ಮುಚ್ಚಿ ತೆರೆದರು, ಕಿರುಗುಟ್ಟುವ ಮೆಟ್ಟಿಲಿನ ಮೇಲೆ ಎರಡು ಸಲ ನಿಂತು ಗಟ್ಟಿಯಾಗಿದೆ ಎಂದರು.

"ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ!" ಎಂದು ಚೀಲಕ್ಕೆ ಕೈ ಹಾಕಿ ಹಸಿರು ಫಲಕವನ್ನೇ ಹೊರಗೆ ತೆಗೆದರು. ಅದನ್ನು ಕಂಡದ್ದೇ ಬೀಗದಣ್ಣನ ಕಿವಿಯಲ್ಲಿ ಸೀಟಿಯ ಸದ್ದು ದೂರ ದೂರ ಹೋಗಿ ಅಡಗಿಹೋಯಿತು.

"ಇವರು?" ಆಫೀಸರಮ್ಮ ಹಾಸಿಗೆಯ ಮೇಲಿದ್ದ ಟೋಪಿಯ ಕಡೆ ನೋಡಿದರು.

"ನನ್ನ ಭಾವ. ಹೆಂಡತಿಯ ಅಣ್ಣ."

"ಓ, ನೋಡ್ಕೊಂಡು ಹೋಗೋಕೆ ಬಂದಿದಾರಾ?"

‘ಹೂಂ’ ಅಂದಿದ್ದರೆ ಎಲ್ಲಾ ಅಲ್ಲಿಗೇ ಮುಗಿಯುತ್ತಿತ್ತು. ‘ಹೂಂ’ ಅನ್ನಲು ಬೀಗದಣ್ಣ ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಎದುರು ಕಿಟಕಿಯಿಂದ ಹೊಲಿಗೆಯಮ್ಮನ ದನಿ ರಸ್ತೆ ದಾಟಿ ಬಂತು.

"ನೋಡ್ಕೊಂಡು ಹೋಗೋದೇನು ಮೇಡಮ್! ಅವರು ಇಲ್ಲಿಯವರೇ! ಎರಡು ವರ್ಷದಿಂದ ಅವರ ಅಂಗಿ ಎಲ್ಲಾ ನಾನೇ ಹೊಲಿಯೋದು!"

ಬೀಗದಣ್ಣ ಕಿಟಕಿಯ ಕಡೆ ತಿರುಗಿ ಕೈ ಬೀಸಿ ಬೇಡ ಬೇಡ ಎಂದ. ಅವರೂ ಖುಷಿಯಾಗಿ ಕೈ ಬೀಸಿದರು. ಮೂರನೇ ಮೆಟ್ಟಿಲು ಕಿರುಗುಟ್ಟಿತು. ಕೋಟು ತೊಟ್ಟ ಪೋಸ್ಟ್‌ಮಾಸ್ಟರು ಏದುಸಿರು ಬಿಡುತ್ತಾ ಒಳಗೆ ಬಂದರು. ಹೊಲಿಗೆಯಮ್ಮನಿಗೆ ಗೊತ್ತಿರುವುದಕ್ಕಿಂತ ತಮಗೆ ಗೊತ್ತಿರುವುದು ಕಡಿಮೆ ಎಂದು ಯಾರಾದರೂ ತಿಳಿದರೆ ಅವರಿಗೆ ಸಹಿಸಲಾಗದು.

"ಎರಡು ವರ್ಷ ಎಲ್ಲಿಂದ ಬಂತು? ನಾನು ಕೆಲಸದಲ್ಲಿದ್ದಾಗ್ಲೇ ಇವರಿಗೆ ಇದೇ ವಿಳಾಸಕ್ಕೆ ಕಾಗದ ಬರ್ತಿತ್ತು. ಹತ್ತು ವರ್ಷಕ್ಕೆ ಕಡಿಮೆ ಇಲ್ಲ!"

ಬೀಗದಣ್ಣ ಕಣ್ಣು ಮಿಟುಕಿಸಿದ, ಕೆಮ್ಮಿದ, ಕಾಲು ತುಳಿದ. ಪೋಸ್ಟ್‌ಮಾಸ್ಟರು ಅದನ್ನು ಪ್ರೋತ್ಸಾಹವೆಂದು ತಿಳಿದು, "ಈ ಕೋಣೆ ಬಿಟ್ಟು ಇವರು ಒಂದು ರಾತ್ರಿ ಬೇರೆ ಕಡೆ ಮಲಗಿದ್ದನ್ನ ನಾನಂತೂ ಕಂಡಿಲ್ಲ" ಎಂದು ಸೇರಿಸಿದರು.

"ಹೌದೇನಮ್ಮ?" ಆಫೀಸರಮ್ಮ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ ಹೆಂಡತಿಯನ್ನು ಕೇಳಿದರು.

"ಅಣ್ಣ ಅಂದ ಮೇಲೆ ಅವನಿಗೆ ಇದೇ ಮನೆ ಅಲ್ವಾ?" ಎಂದಳು ಅವಳು, ಗಂಡನ ಮುಖ ನೋಡದೆ.

ಇಷ್ಟು ಹೊತ್ತೂ ಎಲ್ಲರ ಮುಖವನ್ನೂ ಸರದಿಯಂತೆ ನೋಡುತ್ತಿದ್ದ ಟೋಪಿಯವರು ಕುತೂಹಲ ತಡೆಯಲಾರದೆ ಕೇಳಿದರು, "ಹತ್ತು ವರ್ಷವೋ, ಹನ್ನೊಂದೋ, ಭಾವ?"

ಆಫೀಸರಮ್ಮನ ನಗು ಆರಿತು. ಹಸಿರು ಫಲಕ ಚೀಲದೊಳಕ್ಕೆ ಹೋಯಿತು.

"ಕ್ಷಮಿಸಿ. ಇಷ್ಟು ವರ್ಷದಿಂದ ಒಬ್ಬರು ವಾಸ ಮಾಡ್ತಿರೋ ಕೋಣೇನ ಅತಿಥಿಗಳಿಗೆ ಕೊಡೋ ಹಾಗಿಲ್ಲ. ಇರೋರನ್ನ ಎಬ್ಬಿಸಿ ಬಂದುಹೋಗೋರಿಗೆ ಜಾಗ ಮಾಡ್ಬಾರ್ದು ಅಂತಾನೇ ಈ ನಿಯಮ ಮಾಡಿರೋದು."

 ಇನ್ನು ಮುಚ್ಚಿಟ್ಟು ಸುಖವಿಲ್ಲ ಎನಿಸಿತು ಬೀಗದಣ್ಣನಿಗೆ. "ಮೇಡಮ್, ಸುಳ್ಳು! ಎಲ್ಲಾ ಸುಳ್ಳು! ಇವರು ಯಾರು ಅಂತಾನೇ ನನಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಬಂದ ಅತಿಥಿ ಇವರು!"

 ಪೋಸ್ಟ್‌ಮಾಸ್ಟರು ಮರುಕದಿಂದ ತಲೆಯಾಡಿಸಿದರು. ಕಿಟಕಿಯಾಚೆ ಹೊಲಿಗೆಯಮ್ಮ ಕೆನ್ನೆಯ ಮೇಲೆ ಬೆರಳಿಟ್ಟುಕೊಂಡರು.

"ಏನ್ರೀ ಇದು?" ಆಫೀಸರಮ್ಮ ಬೀಗದಣ್ಣನ ಕಡೆ ತಿರುಗಿದರು. "ಒಂದು ಫಲಕದ ಆಸೆಗೆ ಸ್ವಂತ ಭಾವನ್ನೇ ಗೊತ್ತಿಲ್ಲ ಅಂತೀರಾ? ಅವರ ಎದುರಿಗೇ? ಅದೂ ಅಲ್ಲದೆ, ಅತಿಥಿಯಾಗಿದ್ರೆ ನಿಮಗೆ ತೊಂದರೆನೇ ಇರ್ಲಿಲ್ಲ. ಅರ್ಜಿ ಹಾಕಿದೋರಿಗೆ ಈ ತಿಂಗಳು ಪೂರ್ತಿ ವಿನಾಯಿತಿ ಇದೆ. ಫಲಕ ಬರೋ ಮುಂಚೇನೂ ಅತಿಥಿಗಳನ್ನ ಇಟ್ಕೋಬಹುದು. ಗೋಡೆ ಮೇಲಿನ ಪ್ರಕಟಣೆ ನೀವು ಪೂರ್ತಿ ಓದ್ಲಿಲ್ವಾ?"

ಬೀಗದಣ್ಣನಿಗೆ ಆ ಬೆಕ್ಕಿನ ಮುಖ ಕಣ್ಣಿಗೆ ಕಟ್ಟಿತು.

"ಇವರನ್ನ ಈ ಕೋಣೆಯಿಂದ ಹೊರಗೆ ಹಾಕಿದ್ದು ಗೊತ್ತಾದ್ರೆ ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ" ಎಂದು ಹೇಳಿ, ಟೋಪಿಯವರ ಕಡೆ ತಿರುಗಿ, "ನೀವು ಧೈರ್ಯವಾಗಿರಿ ಸರ್" ಎಂದು ಸಮಾಧಾನ ಹೇಳಿ ಆಫೀಸರಮ್ಮ ಇಳಿದು ಹೋದರು. ಬೀಗದಣ್ಣನಿಗೆ ಇಷ್ಟೊಂದು ಉಪಕಾರ ಮಾಡಿದ ತೃಪ್ತಿಯಿಂದ ಪೋಸ್ಟ್‌ಮಾಸ್ಟರೂ ಟೀ ಕುಡಿದು ಹೊರಟರು.

ಉಳಿದದ್ದು ಇಬ್ಬರು ಭಾವಂದಿರು.

"ಸರಿ, ನಾಟಕ ಮುಗೀತು. ನೀವಿನ್ನು ಹೊರಡಿ" ಎಂದ ಬೀಗದಣ್ಣ.

ಟೋಪಿಯವರು ಏಳಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಬೋಳಾಗಿರಲಿಲ್ಲ. "ನನಗೆ ಮನೆ ಅಂತ ಇಲ್ಲ ನೋಡಿ. ಊರೂರು ಸುತ್ತಿ ಯಾರದೋ ಕೋಣೇಲಿ ಎರಡು ದಿನ ಇದ್ದು ಹೋಗ್ತಿರ್ತೀನಿ. ನನ್ನನ್ನ ಇಷ್ಟು ಜನ ಸೇರಿ ನಮ್ಮೋನು ಅಂದಿದ್ದು ಇದೇ ಮೊದಲು. ಆಯಮ್ಮ ನನ್ನ ಅಂಗಿ ಹೊಲಿದಿದೀನಿ ಅಂದಾಗ ನಾನು ಅಂಗಿಯ ಹೊಲಿಗೇನ ಮುಟ್ಟಿ ನೋಡ್ಕೊಂಡೆ. ಇಲ್ಲೇ ಇದ್ದುಬಿಟ್ರೆ ಹೇಗಿರುತ್ತೆ ಅಂತ ನೋಡೋ ಆಸೆ."

ಬೀಗದಣ್ಣನಿಗೂ ಒಂದು ಗಳಿಗೆ ಪಾಪ ಅನಿಸಿದ್ದು ನಿಜ. ಕೆಟ್ಟ ಮನುಷ್ಯನಲ್ಲ ಅವನು. ಆದರೂ ಕೇಳಿದ, "ಬಾಡಿಗೆ?"

"ಹೆಂಡತಿಯ ಅಣ್ಣನ ಹತ್ರ ಯಾರಾದ್ರೂ ಬಾಡಿಗೆ ತಗೋತಾರಾ, ಭಾವ?" ಟೋಪಿಯವರು ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದರು. ಆಮೇಲೆ ಅವನನ್ನು ಹೊಸ್ತಿಲಾಚೆ ಬೀಳ್ಕೊಟ್ಟು, ಮೆತ್ತಗೆ ಬಾಗಿಲು ಹಾಕಿ ಬೀಗ ತಿರುವಿದರು. ಬೀಗ ಎಷ್ಟು ಸೊಗಸಾಗಿ ಬಿತ್ತೆಂದರೆ, ಹೊರಗೆ ನಿಂತ ಬೀಗದಣ್ಣನಿಗೆ ಅಂಥ ಸಂಕಟದಲ್ಲೂ ತನ್ನ ಕೈಕೆಲಸದ ಬಗ್ಗೆ ಹೆಮ್ಮೆಯಾಯಿತು.

ಸಂಜೆ ಬಸ್ಸಿಗೆ ಡ್ರಿಲ್ ಮೇಷ್ಟ್ರು ಬಂದಿಳಿದರು.

"ಪರವಾನಗಿ ಸಿಗ್ಲಿಲ್ವಂತೆ? ಒಳ್ಳೇದಾಯ್ತು ಬಿಡಿ ಭಾವ. ನನ್ನ ಸಾಮಾನು ಮೇಲೆ ಇಡ್ಲಾ?"

"ಮೇಲೆ ಜಾಗ ಇಲ್ಲ" ಎಂದ ಬೀಗದಣ್ಣ. ದಿನವಿಡೀ ಅವನು ಆಡಿದ ಒಂದೇ ಸಂತೋಷದ ಮಾತು ಅದು. ಬಂದ ಬಸ್ಸಿಗೇ ಮೇಷ್ಟ್ರು ವಾಪಸಾಗುವ ಚಿತ್ರ ಕಣ್ಣ ಮುಂದೆ ಬಂದು ಅವನ ಮುಖ ಅರಳುವಷ್ಟರಲ್ಲಿ ಹೆಂಡತಿ ಮಡಚುವ ಮಂಚವೊಂದನ್ನು ಎಳೆದು ತಂದು ನಡುಮನೆಯಲ್ಲಿ ಬಿಚ್ಚಿದಳು. ಬೀಗದಣ್ಣ ಮಲಗುವ ಜಾಗಕ್ಕೂ ಅದಕ್ಕೂ ನಡುವೆ ಒಂದೇ ಮಾರು ದೂರವಿತ್ತು.

"ಮಹಡಿಯಲ್ಲಿ ಮಲಗಿದ್ರೆ ನಿಮ್ಮನ್ನ ಎಬ್ಬಿಸೋಕೆ ಇಳಿದು ಬರ್ಬೇಕಿತ್ತು. ಇದೇ ಅನುಕೂಲ" ಎಂದರು ಮೇಷ್ಟ್ರು. ನಡುಮನೆಯಲ್ಲಿ ಸದ್ದು ಹೇಗೆ ಕೇಳುತ್ತದೋ ನೋಡೋಣವೆಂದು ಜೇಬಿನಿಂದ ಸೀಟಿ ತೆಗೆದು ಒಮ್ಮೆ ಊದಿದರು. ಅಂಗಡಿಯಲ್ಲಿ ಗೋಡೆಗೆ ನೇತುಹಾಕಿದ್ದ ಕೀಲಿಕೈಗಳೆಲ್ಲ ಗಲಗಲ ಎಂದವು.

ಮೇಲೆ ಬೀಗ ತೆಗೆದ ಸದ್ದಾಯಿತು. ಟೋಪಿ ಬಗ್ಗಿ ನೋಡಿತು.

"ಅದೇನು ಶಬ್ದ?"

"ಸೀಟಿ. ಬೆಳಿಗ್ಗೆ ಭಾವನ್ನ ಓಡಿಸೋಕೆ" ಎಂದರು ಮೇಷ್ಟ್ರು.

"ಓಡ್ತಾರಾ?"

"ಓಡಿಸಿದ್ರೆ ಓಡ್ತಾರೆ."

ಮೂರನೇ ಮೆಟ್ಟಿಲು ಕಿರುಗುಟ್ಟಿತು. ಟೋಪಿಯವರು ಇಳಿದು ಬಂದು ಬೀಗದಣ್ಣನನ್ನು ತಲೆಯಿಂದ ಕಾಲಿನವರೆಗೆ, ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು, ನೋಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಇನ್ನೊಂದು ಸೀಟಿ ಇದೆಯಾ?" ಎಂದರು.

ಮೇಷ್ಟ್ರು ಇನ್ನೊಂದು ಜೇಬಿಗೆ ಕೈ ಹಾಕಿದರು. ಇತ್ತು.