ಎರಡು ಕಾಲೇಜು, ಒಂದು ಲಿಫ್ಟು

ಮಗಳಿಗೆ ಒಂದೇ ಮೆಡಿಕಲ್ ಸೀಟು ಸಿಕ್ಕಿದ್ದರೆ ಲಿಫ್ಟಿನವನು ಆ ದಿನ ಊರಿಗೆಲ್ಲ ಸಿಹಿ ಹಂಚಿಕೊಂಡು ಹಾಯಾಗಿ ಇರುತ್ತಿದ್ದ. ಸಿಕ್ಕಿದ್ದು ಎರಡು. ಅದೂ ಒಂದೇ ಊರಿನಲ್ಲಿ, ಸೇತುವೆಯ ಈಚೆಗೊಂದು, ಆಚೆಗೊಂದು. ಈಚೆಯದನ್ನು ಜನ ಹಳೇ ಕಾಲೇಜು ಎನ್ನುತ್ತಿದ್ದರು, ಆಚೆಯದನ್ನು ಹೊಸ ಕಾಲೇಜು. ಯಾವುದು ಬೇಕೆಂದು ಸಂಜೆ ಐದರೊಳಗೆ ಮೊಬೈಲಿನಲ್ಲಿ ಒತ್ತಿ ತಿಳಿಸಬೇಕಿತ್ತು.

ಹೆಂಡತಿಗೆ ಹಳೆಯದೇ ಆಗಬೇಕು. "ಒಂದೇ ಬಸ್ಸು ಕಣ್ರೀ. ಸಂಜೆ ಮನೆಗೆ ಬಂದು ನನ್ನ ಕಣ್ಣೆದುರಿಗೆ ಉಣ್ತಾಳೆ" ಎಂದಳು, ಒಲೆಯ ಮುಂದೆ ನಿಂತು.

"ಆಗ್ಲಿ" ಎಂದ ಅವನು.

ಬಾಗಿಲ ಹತ್ತಿರ ಮಗಳು ಹಿಡಿದುಕೊಂಡಳು. "ಅಪ್ಪಾ, ಹೊಸದರ ಲ್ಯಾಬ್ ನೋಡಿದ್ರೆ ನಿಂಗೇ ಡಾಕ್ಟರ್ ಆಗ್ಬೇಕು ಅನ್ಸುತ್ತೆ. ಹಾಸ್ಟೆಲ್ಲೂ ಇದೆ. ಅದನ್ನೇ ಒತ್ಲಾ?"

"ಆಗ್ಲಿ. ಸಂಜೆ ಹೇಳ್ತೀನಿ, ಅಲ್ಲೀವರೆಗೂ ಒತ್ಬೇಡ" ಎಂದು ಚಪ್ಪಲಿ ಮೆಟ್ಟಿ ಹೊರಟ.

ಇದರಲ್ಲಿ ಮೋಸವೇನೂ ಇರಲಿಲ್ಲ. ಏಳು ಮಹಡಿಯ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ ಲಿಫ್ಟು ನಡೆಸಿದವನ ಬಾಯಿಗೆ ಬೇರೆ ಮಾತು ಬರುವುದಾದರೂ ಹೇಗೆ? ಮೇಲೆ ಎಂದರೆ ಮೇಲೆ, ಕೆಳಗೆ ಎಂದರೆ ಕೆಳಗೆ. ಕಟ್ಟಡದವರೆಲ್ಲ ಅವನನ್ನು 'ಆಗ್ಲಿ ಸಾರ್' ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಬಹುದೇ ಎಂದು ಮೊದಲ ಸಲ ಕೇಳಿದಾಗಲೂ ಅವನು ಅದನ್ನೇ ಹೇಳಿದ್ದ.

ಎರಡು ಸೀಟಿನ ಸುದ್ದಿ ಲಿಫ್ಟಿಗಿಂತ ಬೇಗ ಏಳನೇ ಮಹಡಿ ಮುಟ್ಟಿತ್ತು. ಒಂಬತ್ತೂವರೆಗೆ ನಾಲ್ಕನೇ ಮಹಡಿಯ ಚರ್ಮದ ಡಾಕ್ಟರು ಒಳಗೆ ಬಂದರು. ಅವರು ಹಳೇ ಕಾಲೇಜಿನಲ್ಲಿ ಓದಿದವರು. ನಲವತ್ತು ವರ್ಷವಾದರೂ ಆ ಕಾಲೇಜಿನ ಟೈ ಬಿಟ್ಟಿರಲಿಲ್ಲ.

"ನೋಡಯ್ಯಾ, ಡಾಕ್ಟರ್ ಆಗ್ಬೇಕಾದ್ರೆ ರೋಗಿಗಳನ್ನ ಮುಟ್ಬೇಕು. ಹಳೇ ಕಾಲೇಜಲ್ಲಿ ರೋಗಿಗಳ ಸಾಲು ಬೀದಿವರೆಗೂ ಇರುತ್ತೆ. ಹೊಸದರಲ್ಲಿ ಏನಿದೆ, ಗಾಜಿನ ಕಿಟಕಿ. ಹಳೇದೇ ಆಗ್ಲಾ?"

"ಆಗ್ಲಿ ಸಾರ್."

ಅರ್ಧ ಗಂಟೆಯಲ್ಲಿ ಡಾಕ್ಟರು ತಮ್ಮ ಹಳೆಯ ಬಿಳಿ ಕೋಟನ್ನೇ ತಂದು ಅವನ ಹೆಗಲ ಮೇಲೆ ಹಾಕಿದರು. "ಮಗಳಿಗೆ ಕೊಡು. ಪ್ರಿನ್ಸಿಪಾಲರಿಗೂ ಫೋನ್ ಮಾಡಿ ಹೇಳಿದೀನಿ, ನಮ್ಮ ಹುಡುಗಿ ಬರ್ತಾಳೆ ಅಂತ."

ಹನ್ನೊಂದಕ್ಕೆ ಆರನೇ ಮಹಡಿಯ ಮೂಳೆ ಡಾಕ್ಟರು ಬಂದರು. ಇವರು ವಾರಕ್ಕೆರಡು ದಿನ ಹೊಸ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಚರ್ಮದ ಡಾಕ್ಟರಿಗೂ ಇವರಿಗೂ ಮಾತುಕತೆ ಅಷ್ಟಕ್ಕಷ್ಟೆ. ಲಿಫ್ಟಿನಲ್ಲಿ ಎದುರಾದರೆ ಒಬ್ಬರು ಚಾವಣಿ ನೋಡುತ್ತಿದ್ದರು, ಇನ್ನೊಬ್ಬರು ನೆಲ.

"ಹಳೇ ಕಾಲೇಜಿನ ಗೋಡೆ ಮುಟ್ಟಿದ್ರೆ ಸುಣ್ಣ ಉದುರುತ್ತೆ. ಕಣ್ಣು ಮುಚ್ಕೊಂಡು ಹೊಸದಕ್ಕೆ ಹಾಕು. ನಾನಿರ್ತೀನಿ."

"ಆಗ್ಲಿ ಸಾರ್."

ಇವರು ಮಾತಿನಲ್ಲಿ ನಿಲ್ಲುವವರಲ್ಲ. ಮಧ್ಯಾಹ್ನ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದು ಅವನ ಕೈಗಿಟ್ಟರು. "ನಾನು ಓದುವಾಗ ಇಟ್ಕೊಂಡಿದ್ದ ಮೂಳೆಗಳು. ಮೊದಲನೇ ವರ್ಷಕ್ಕೆ ಬೇಕಾಗುತ್ತೆ. ಜೋಪಾನ, ತಲೆಬುರುಡೆ ಮೇಲ್ಗಡೆ ಇದೆ."

ಕೋಟು ಮೂಳೆ ಡಾಕ್ಟರ ಕಣ್ಣಿಗೆ ಬೀಳಬಾರದು, ಪೆಟ್ಟಿಗೆ ಚರ್ಮದ ಡಾಕ್ಟರ ಕಣ್ಣಿಗೆ ಬೀಳಬಾರದು. ಅವನು ಪೆಟ್ಟಿಗೆಯನ್ನು ಸ್ಟೂಲಿನ ಕೆಳಗೆ ತಳ್ಳಿ, ಅದರ ಮೇಲೆ ಕೋಟು ಹೊದಿಸಿ, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಸ್ಟೂಲಿನ ಮೇಲೆ ಕೂತು, ಎರಡನ್ನೂ ಕಾಲಿನಿಂದ ಮರೆಮಾಡಿಬಿಟ್ಟ. ಯಾರು ಬಂದರೂ ಏಳಲಿಲ್ಲ. ಏಳನೇ ಮಹಡಿಯ ವಿಮಾ ಕಚೇರಿಯ ಮ್ಯಾನೇಜರು "ಮಂಡಿನೋವಾ?" ಎಂದು ಕೇಳಿದಾಗ ಅದಕ್ಕೂ ಆಗ್ಲಿ ಸಾರ್ ಎಂದ.

ನಾಲ್ಕು ಗಂಟೆ ದಾಟಿತು. ಮಗಳಿಂದ ಮೂರು ಸಲ, ಹೆಂಡತಿಯಿಂದ ಐದು ಸಲ ಫೋನು ಬಂತು. ಅವನು ಒಂದನ್ನೂ ಎತ್ತಲಿಲ್ಲ. ಎತ್ತಿದರೆ ಏನಾದರೂ ಹೇಳಬೇಕಾಗುತ್ತದಲ್ಲ.

ನಾಲ್ಕೂ ಕಾಲಿಗೆ ಆರನೇ ಮಹಡಿಯಿಂದ ಮೂಳೆ ಡಾಕ್ಟರು ಹತ್ತಿದರು. ಅವರ ಹಿಂದೆಯೇ ಫೈಲುಗಳನ್ನು ಎದೆಗವಚಿಕೊಂಡು ವಕೀಲರ ಆಫೀಸಿನ ಟೈಪಿಸ್ಟ್ ಅಕ್ಕ. ಐದನೇ ಮಹಡಿಯಲ್ಲಿ ಯಾರೋ ಗಂಟೆ ಒತ್ತಿದ್ದರು. ಜಾಲರಿ ಬಾಗಿಲು ಸರಿಸಿ ನೋಡಿದರೆ, ಅಲ್ಲಿಗೆ ಏನೋ ಕೆಲಸಕ್ಕೆ ಹತ್ತಿ ಬಂದಿದ್ದ ಚರ್ಮದ ಡಾಕ್ಟರು. ಒಬ್ಬರು ಚಾವಣಿ ನೋಡಿದರು, ಇನ್ನೊಬ್ಬರು ನೆಲ. ಲಿಫ್ಟು ನಾಲ್ಕಾರು ಅಡಿ ಇಳಿದು, ಒಮ್ಮೆ ಬಿಕ್ಕಳಿಸಿ, ನಿಂತುಬಿಟ್ಟಿತು.

ಆ ಬಿಕ್ಕಳಿಕೆಗೆ ಸ್ಟೂಲು ಓಲಾಡಿತು, ಕೋಟು ಜಾರಿತು, ಪೆಟ್ಟಿಗೆಯ ಬಾಯಿ ಬಿಚ್ಚಿತು. ತಲೆಬುರುಡೆ ನಿಧಾನವಾಗಿ ಉರುಳಿಕೊಂಡು ಹೋಗಿ ಟೈಪಿಸ್ಟ್ ಅಕ್ಕನ ಪಾದದ ಹತ್ತಿರ ಮುಖ ಮೇಲೆ ಮಾಡಿ ನಿಂತಿತು. ಅಕ್ಕ ಅದನ್ನು ನೋಡಿದಳು. ಸದ್ದಿಲ್ಲದೆ ಗೋಡೆಗೆ ಒರಗಿ ಕುಸಿದಳು.

"ಬಿ.ಪಿ. ಇಳಿದಿದೆ. ಕಾಲು ಎತ್ತಿ ಹಿಡಿ" ಎಂದರು ಚರ್ಮದ ಡಾಕ್ಟರು.

"ಸಕ್ಕರೆ ಇಳಿದಿದೆ. ಯಾರ ಹತ್ರ ಸಿಹಿ ಇದೆ?" ಎಂದರು ಮೂಳೆ ಡಾಕ್ಟರು.

"ನಿಮ್ಮ ಕಾಲೇಜಲ್ಲಿ ನಾಡಿ ನೋಡೋದು ಹೇಳ್ಕೊಡಲ್ವಾ?"

"ಕೊಡ್ತೀವಿ. ನಿಮ್ಮಲ್ಲಿ ಅದೊಂದನ್ನೇ ಹೇಳ್ಕೊಡ್ತಾರೆ."

ಇಬ್ಬರೂ ಒಂದೊಂದು ಕೈ ಹಿಡಿದು ನಾಡಿ ಎಣಿಸತೊಡಗಿದರು. ಎಡಗೈಯಲ್ಲಿ ಎಪ್ಪತ್ತೆಂಟು, ಬಲಗೈಯಲ್ಲಿ ತೊಂಬತ್ತು. ಯಾವ ಕೈ ಸರಿ ಎಂದು ವಾದ ಏರುವಷ್ಟರಲ್ಲಿ ಲಿಫ್ಟಿನವನು ತನ್ನ ಬಾಟಲಿಯ ನೀರನ್ನು ಅಕ್ಕನ ಮುಖಕ್ಕೆ ಚಿಮುಕಿಸಿ, ಫೈಲಿನಿಂದ ಗಾಳಿ ಹಾಕಿದ. ಅಕ್ಕ ಕಣ್ಣು ಬಿಟ್ಟು, "ಅಣ್ಣಾ, ಮೊದಲು ಆ ತಲೇನ ಆ ಕಡೆ ತಿರುಗಿಸಿ" ಎಂದಳು.

ಎಲ್ಲರೂ ಸುಧಾರಿಸಿಕೊಂಡ ಮೇಲೆ ಡಾಕ್ಟರುಗಳ ಕಣ್ಣು ನೆಲದ ಮೇಲೆ ಬಿತ್ತು. ಅಲ್ಲಿ ಒಬ್ಬರ ಕೋಟು, ಅದರ ಮೇಲೆ ಇನ್ನೊಬ್ಬರ ಮೂಳೆ.

"ಇದು ನನ್ನ ಕೋಟಲ್ವಾ? ಇವರ ಮೂಳೆ ಇಲ್ಲೇನು ಮಾಡ್ತಿದೆ?"

"ಹೊಸ ಕಾಲೇಜು ಅಂತ ಮಾತು ಕೊಟ್ಯಲ್ಲಯ್ಯಾ ನನಗೆ?"

"ನನಗೆ ಹಳೇದು ಅಂದ."

ತಪ್ಪಿಸಿಕೊಂಡು ಓಡಲು ಲಿಫ್ಟಿನಲ್ಲಿ ಜಾಗವೆಲ್ಲಿ? ಅಷ್ಟರಲ್ಲಿ ಮೇಲೆ ಐದನೇ ಮಹಡಿಯಲ್ಲಿ ಜನ ಸೇರಿದ್ದರು. ಜಾಲರಿಯ ಸಂದಿಯಲ್ಲಿ ಅವರ ಪಾದಗಳಷ್ಟೇ ಕಾಣುತ್ತಿದ್ದವು. "ಮೆಕ್ಯಾನಿಕ್ಕಿಗೆ ಹೇಳಿದೀವಿ" ಎಂದಿತು ಒಂದು ಜೊತೆ ಬೂಟು. "ಹಳೇದಕ್ಕೇ ಹಾಕಪ್ಪಾ" ಎಂದಿತು ಹರಿದ ಚಪ್ಪಲಿ. "ಕಾಲ ಬದಲಾಗಿದೆ, ಹೊಸದು" ಎಂದಿತು ಎತ್ತರದ ಹಿಮ್ಮಡಿ. ಅಲ್ಲಿಯೂ ಎರಡು ಪಕ್ಷವಾಗಿ, ಪಾದಗಳು ಒಂದನ್ನೊಂದು ತುಳಿಯತೊಡಗಿದವು.

ಗಂಟೆ ನಾಲ್ಕೂ ಮುಕ್ಕಾಲಾಯಿತು. ಸ್ಟೂಲಿನ ಮೇಲೆ ಕೂತಿದ್ದ ಟೈಪಿಸ್ಟ್ ಅಕ್ಕ ಮೆಲ್ಲಗೆ ಕೇಳಿದಳು. "ಅಣ್ಣಾ, ಓದೋದು ಯಾರು?"

"ಮಗಳು."

"ಅವಳಿಗೇನು ಬೇಕಂತೆ?"

"ಹೊಸದು."

"ಮತ್ತೆ?"

ಬೆಳಗಿನಿಂದ ಇಷ್ಟು ಚಿಕ್ಕ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನೆಲದ ಮೇಲೆ ಕುಕ್ಕರಿಸಿದ್ದ ಅವನು ಎದ್ದು ನಿಂತು, ಚರ್ಮದ ಡಾಕ್ಟರ ಕಡೆ ತಿರುಗಿದ. "ಇಲ್ಲ ಸಾರ್" ಎಂದ. ಮಾತು ಬಾಯಿಂದ ಹೊರಬರುವಾಗ ಹಳೆಯ ಹಲ್ಲು ಕಿತ್ತಷ್ಟೇ ನೋವಾಯಿತು, ಆಮೇಲೆ ಅಷ್ಟೇ ಹಗುರಾಯಿತು. ಡಾಕ್ಟರು ಅವನ ಮುಖವನ್ನೇ ನೋಡಿದರು. "ಇಪ್ಪತ್ತೆರಡು ವರ್ಷದಲ್ಲಿ ನೀನು ಇಲ್ಲ ಅಂದಿದ್ದು ಇದೇ ಮೊದಲು ಕಣಯ್ಯಾ" ಎಂದು, ಕೋಟನ್ನು ಮಡಚಿ ತಾವೇ ಅವನ ಕೈಗಿಟ್ಟರು. "ಇದು ಯಾವ ಕಾಲೇಜಿಗಾದ್ರೂ ಆಗುತ್ತೆ."

ಅವನು ಮನೆಗೆ ಫೋನು ಮಾಡಿದ. ಮಗಳಿಗೆ "ನಿನಗೆ ಬೇಕಾದ್ದನ್ನೇ ಒತ್ತು" ಎಂದ. ಹೆಂಡತಿಗೆ ಕೊಡಲು ಹೇಳಿ, ಒಂದೇ ಉಸಿರಿನಲ್ಲಿ, "ಹಳೇದು ಬೇಡ ಕಣೇ, ಅವಳ ಓದು, ಅವಳಿಷ್ಟ" ಎಂದುಬಿಟ್ಟ. ಅತ್ತ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ "ಸರಿ ಬಿಡಿ" ಎಂದು ಕೇಳಿಸಿತು.

ಐದಕ್ಕೆ ಐದು ನಿಮಿಷವಿದ್ದಾಗ ಲಿಫ್ಟು ಅಲುಗಾಡಿ ಕೆಳಗಿಳಿಯಿತು. ಡಾಕ್ಟರಿಬ್ಬರೂ, ನಾಡಿ ಎಣಿಸುವಾಗ ಯಾರು ತಪ್ಪಿದರೆಂದು ಮಾತಾಡಿಕೊಳ್ಳುತ್ತಲೇ, ಒಟ್ಟಿಗೆ ಕಾಫಿಗೆ ಹೋದರು. ಟೈಪಿಸ್ಟ್ ಅಕ್ಕ "ಮಗಳಿಗೆ ಒಳ್ಳೇದಾಗ್ಲಿ ಅಣ್ಣಾ" ಎಂದು ಬಸ್ಸಿಗೆ ನಡೆದಳು. ಲಿಫ್ಟಿನವನು ಮೂಳೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಜೋಡಿಸುತ್ತ, ತನ್ನಷ್ಟಕ್ಕೆ ಶಿಳ್ಳೆ ಹಾಕುತ್ತಿದ್ದ. ಗೆದ್ದವನ ಶಿಳ್ಳೆ ಅದು.

ಐದೂ ಹತ್ತಕ್ಕೆ ಮಗಳ ಫೋನು.

"ಅಪ್ಪಾ, ಒತ್ತಿದೆ. ಒತ್ತಿದ ಮೇಲೆ ಮೆಸೇಜ್ ಬಂತು. ಕಡೇ ದಿನಾನ ಒಂದು ವಾರ ಮುಂದಕ್ಕೆ ಹಾಕಿದಾರಂತೆ. ಇವತ್ತು ಒತ್ತಿದ್ದೆಲ್ಲ ಲೆಕ್ಕಕ್ಕಿಲ್ಲ, ಎಲ್ಲರೂ ಮತ್ತೆ ಒತ್ಬೇಕಂತೆ."

"ಅದಕ್ಕೇನಂತೆ? ಮತ್ತೆ ಅದನ್ನೇ ಒತ್ತು."

"ಅದೇ ಅಪ್ಪಾ ಹೇಳೋಣ ಅಂತ." ಮಗಳ ದನಿ ಇಳಿಯಿತು. "ನೀನು ಹಾಗಂದಾಗಿಂದ ಅಮ್ಮನ ಮುಖ ನೋಡೋಕಾಗ್ತಿಲ್ಲ. ಹಾಸ್ಟೆಲ್ಲಿಗೆ ಅಂತ ಆಗ್ಲೇ ನನ್ನ ಬಟ್ಟೆ ಮಡಚ್ತಾ ಕೂತಿದಾಳೆ. ಹಳೇ ಕಾಲೇಜೂ ಒಳ್ಳೇದೇ. ನಂಗೆ ಅದೇ ಇರ್ಲಿ. ನೀನು ಅಮ್ಮನ ಪರ ನಿಂತ್ಕೋ."

ಅವನು ಬಾಯಿ ತೆರೆಯುವ ಮೊದಲೇ ಫೋನು ಕೈ ಬದಲಾಯಿಸಿತು. "ಅವಳ ಮಾತು ಕೇಳ್ಬೇಡಿ" ಎಂದಳು ಹೆಂಡತಿ. "ಮಗು ನನ್ನ ಮುಖ ನೋಡ್ಕೊಂಡು ಆಸೆ ಬಿಡೋದು ಬೇಡ. ನಂಗೆ ಹೊಸದೇ ಆಗ್ಬೇಕು. ನೀವು ಆಗ ಹೇಳಿದ್ರಲ್ಲ, ಅಷ್ಟೇ ಗಟ್ಟಿಯಾಗಿ ಅವಳಿಗೂ ಹೇಳಿ."

"ಅಪ್ಪಾ, ಅಮ್ಮನಿಗೆ ನೀನು ಹೇಳು" ಎಂದು ಹಿಂದಿನಿಂದ ಮಗಳ ದನಿ.

ಅವನು ಫೋನನ್ನು ಜೇಬಿಗೆ ಇಳಿಸಿಬಿಟ್ಟ. ಅದರೊಳಗಿನಿಂದ ಇಬ್ಬರೂ ಇನ್ನೂ ಮಾತಾಡುತ್ತಿದ್ದರು. ಮೇಲಿನಿಂದ ಮೆಕ್ಯಾನಿಕ್ ಮೆಟ್ಟಿಲಿಳಿದು ಬಂದು, ಕೈಯ ಜಿಡ್ಡು ಒರೆಸಿಕೊಳ್ಳುತ್ತ, "ಸರಿಯಾಯ್ತು. ಇನ್ನು ನಿಲ್ಲಲ್ಲ" ಎಂದ.

"ಒಂದು ವಾರ ರಿಪೇರಿ ಅಂತ ಬೋರ್ಡ್ ಹಾಕಿ ನಿಲ್ಲಿಸಿಡೋಕಾಗುತ್ತಾ? ನಾನು ಒಳಗೇ ಇರ್ತೀನಿ" ಎಂದು ಕೇಳಿದ ಅವನು.

ಮೆಕ್ಯಾನಿಕ್ ಅವನನ್ನೂ ಪೆಟ್ಟಿಗೆಯನ್ನೂ ನೋಡಿದ. ಸ್ಟೂಲು ಎಳೆದುಕೊಂಡು ಆರಾಮಾಗಿ ಕೂತ.

"ಮಗಳ ಕಾಲೇಜಿನ ವಿಷಯ ತಾನೆ? ಮೇಲೆ ಎಲ್ಲ ಹೇಳಿದ್ರು. ನನ್ನನ್ನ ಕೇಳಿದ್ರೆ..."