ತಪ್ಪೆಲ್ಲ ಕಾರಿನದೇ

ಡ್ರೈವಿಂಗ್ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಶಿಷ್ಯರು ಏನೇ ಎಡವಟ್ಟು ಮಾಡಲಿ, ಬೈಗುಳ ಮಾತ್ರ ಕಾರಿಗೆ. ಗೇರು ಕಿರುಚಿದರೆ "ಈ ಗೇರೇ ಹಾಗೆ", ಎಂಜಿನ್ ನಿಂತುಹೋದರೆ "ಇದಕ್ಕೆ ಮೊದಲಿಂದ್ಲೂ ಸೋಮಾರಿತನ". ನಿಜ ಹೇಳಬೇಕೆಂದರೆ ಆ ಪುಟ್ಟ ಕಾರು ಅಪ್ಪಟ ಚಿನ್ನ. ಆದರೆ ತಪ್ಪು ತನ್ನದೆಂದು ತಿಳಿದ ಶಿಷ್ಯ ಮರುದಿನ ಮುಖ ತೋರಿಸುವುದಿಲ್ಲ, ಕಾರಿನದೆಂದು ತಿಳಿದವನು ತಪ್ಪದೆ ಬರುತ್ತಾನೆ. ಫೀಸು ನಂಬಿ ಬದುಕುವ ಮೇಷ್ಟ್ರು ಇನ್ನೇನು ಮಾಡಿಯಾರು? ಬಾಯಿಲ್ಲದ ಕಾರು ಎಲ್ಲವನ್ನೂ ಸಹಿಸಿಕೊಂಡಿತ್ತು.

ಇಂಥ ಮೇಷ್ಟ್ರ ಬಳಿಗೆ ಕಾರು ಕಲಿಯಲು ಬಂದವರು ಷೇರು ಸಾಹುಕಾರರು. ಪತ್ರಿಕೆಯಲ್ಲಿ ಫೋಟೋ ಬರುವ ಮನುಷ್ಯ. ಅವರು ಹಿಡಿದ ಷೇರು ಏರುತ್ತದೆ, ಬಿಟ್ಟ ಷೇರು ಬೀಳುತ್ತದೆ ಎಂದು ಊರೆಲ್ಲ ಮಾತು. ತಲೆಕೂದಲು ಪೂರ್ತಿ ಬೆಳ್ಳಗಾದ ಮೇಲೆ ಅವರಿಗೆ ಸ್ವಂತ ಕೈಯಲ್ಲಿ ಕಾರು ಓಡಿಸುವ ಆಸೆ ಹುಟ್ಟಿತ್ತು.

ಮೇಷ್ಟ್ರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಎರಡನೇ ಕಾರು ಕೊಳ್ಳಬೇಕೆಂದು ಅವರೂ ಹೆಂಡತಿಯೂ ವರ್ಷಗಳಿಂದ ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಟ್ಟಿದ್ದರು. ಅದು ಬಂದರೆ ಹೆಂಡತಿಯೇ ಹೆಂಗಸರಿಗೆ ಪಾಠ ಹೇಳುವುದೆಂದು ತೀರ್ಮಾನವಾಗಿತ್ತು. ಕೂಡಿದ್ದು ಅರ್ಧ, ಕೂಡಬೇಕಾದದ್ದು ಇನ್ನರ್ಧ. ಸಾಹುಕಾರರ ಒಂದು ಸೂತ್ರ ಸಿಕ್ಕರೆ ಸಾಕಲ್ಲ!

"ಕಾರು ಕಲಿಸಿ, ಫೀಸು ಇಸ್ಕೊಳ್ಳಿ, ಮನೆಗೆ ಬನ್ನಿ. ಷೇರು ಗೀರು ಅಂತ ತಲೆ ಕೆಡಿಸ್ಕೋಬೇಡಿ" ಎಂದಳು ಹೆಂಡತಿ.

ಅವಳ ತಮ್ಮ ಅಷ್ಟರಲ್ಲಾಗಲೇ ಕಾರಿನ ಹಿಂದಿನ ಸೀಟಿನಲ್ಲಿದ್ದ. "ನಾನು ಸುಮ್ನೆ ಕೂತಿರ್ತೀನಿ ಭಾವ, ಉಸಿರೂ ಬಿಡಲ್ಲ." ಮೊಬೈಲಿನಲ್ಲಿ ಷೇರು ಕೊಳ್ಳುವ ವಿದ್ಯೆ ಬಲ್ಲವನು ಮನೆಯಲ್ಲಿ ಅವನೊಬ್ಬನೇ. ಪಕ್ಕದ ಔಷಧಿ ಅಂಗಡಿಯವರೂ ಬಾಗಿಲು ಎಳೆದುಕೊಂಡು ಬಂದು, "ನನಗೂ ಆ ಕಡೆ ಒಂಚೂರು ಕೆಲಸ ಇದೆ" ಎಂದು ನುಸುಳಿದರು. ಯಾವ ಕಡೆ ಎಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಸಾಹುಕಾರರು ಸ್ಟೀರಿಂಗ್ ಹಿಡಿದರು. ಕಾರು ನೆಗೆಯಿತು, ನಿಂತಿತು, ಮತ್ತೆ ನೆಗೆಯಿತು.

"ನಿಮ್ಮ ತಪ್ಪಲ್ಲ ಸಾರ್, ಈ ಕ್ಲಚ್ಚೇ ಮಹಾ ಮೊಂಡು" ಎಂದ ಮೇಷ್ಟ್ರು, ರಸ್ತೆ ಸ್ವಲ್ಪ ನೇರವಾದದ್ದೇ ತಡ, ಗಂಟಲು ಸರಿಮಾಡಿಕೊಂಡರು. "ಅಂದ ಹಾಗೆ ಸಾರ್, ಯಾವ ಷೇರು ಕೊಳ್ಳಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಅದರಲ್ಲೇನಿದೆ ಮೇಷ್ಟ್ರೇ? ದಿನಾ ನಾವು ಬಳಸೋ ವಸ್ತುಗಳನ್ನ ನೋಡ್ಬೇಕು, ಅದನ್ನ ಮಾಡೋ ಕಂಪನಿ ಯಾವುದು ಅಂತ ಹುಡುಕ್ಬೇಕು. ಈ ನಿಮ್ಮ ಕಾರಿನ ಕಂಪನೀದೇ ನನ್ನ ಹತ್ರ ರಾಶಿ ರಾಶಿ ಷೇರಿದೆ."

ಹಿಂದಿನಿಂದ ಒಂದು ಕೈ ಬಂದು ಮೇಷ್ಟ್ರ ಭುಜ ಚಿವುಟಿತು. "ಭಾವ, ಕೊಂಡುಬಿಡ್ಲಾ?"

ಹೆಂಡತಿಯ ಮುಖ ಒಂದು ಕ್ಷಣ ಕಣ್ಣಮುಂದೆ ಬಂತು. ಅದರ ಹಿಂದೆಯೇ ಎರಡನೇ ಕಾರೂ ಬಂತು. ಮೇಷ್ಟ್ರು ತಲೆಯಾಡಿಸಿದರು. ಕೂಡಿಟ್ಟ ಗಂಟೆಲ್ಲ ಆ ಒಂದು ತಲೆಯಾಟಕ್ಕೆ ಷೇರಾಗಿಬಿಟ್ಟಿತು. ಔಷಧಿ ಅಂಗಡಿಯವರು, "ಹಾಗೇ ನನ್ನ ಹೆಸರಲ್ಲೂ ಒಂದಿಷ್ಟು" ಎಂದು ಪಿಸುಗುಟ್ಟಿದರು.

ಮುಂದೆ ಕೆಂಪು ದೀಪ. ಗಾಡಿಗಳೆಲ್ಲ ನಿಂತಿದ್ದವು. ಸಾಹುಕಾರರು ಮಾತ್ರ ಸಂದಿಯಲ್ಲಿ ನುಗ್ಗಿಯೇಬಿಟ್ಟರು. ಮೇಷ್ಟ್ರು ತಮ್ಮ ಕಾಲಡಿಯ ಬ್ರೇಕನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಒತ್ತಿದರು. ಪೊಲೀಸನ ಸೀಟಿ ಕಿವಿ ಸೀಳಿತು.

"ಎಲ್ಲರೂ ಹೆದರಿ ನಿಂತಾಗ ನಾವು ಮುಂದೆ ಹೋಗ್ಬೇಕು. ಅದು ನನ್ನ ಸೂತ್ರ" ಎಂದರು ಸಾಹುಕಾರರು ಶಾಂತವಾಗಿ.

ಅಪರೂಪದ ಶಿಷ್ಯ, ನೋಯಿಸುವುದುಂಟೆ? "ಸರಿಯಾಗೇ ಹೇಳಿದ್ರಿ ಸಾರ್. ಈ ಕಾರಿನ ಬ್ರೇಕು ಹೊಸದರಲ್ಲೂ ಹೀಗೇ ಜಾರ್ತಿತ್ತು" ಎಂದರು ಮೇಷ್ಟ್ರು, ದಂಡ ಕಟ್ಟುತ್ತ.

ಆಮೇಲೆ ಬಂತು ರಸ್ತೆಯ ಉಬ್ಬು. "ಸಣ್ಣಪುಟ್ಟ ಏರಿಳಿತಕ್ಕೆಲ್ಲ ವೇಗ ತಗ್ಗಿಸಬಾರ್ದು" ಎನ್ನುತ್ತ ಸಾಹುಕಾರರು ಹಾರಿಸಿದರು. ಔಷಧಿ ಅಂಗಡಿಯವರ ತಲೆ ಚಾವಣಿಗೆ ಬಡಿದು, ತಮ್ಮ ಅಂಗಡಿಯದೇ ಮುಲಾಮು ಅವರಿಗೆ ನೆನಪಾಯಿತು. "ಸ್ಪ್ರಿಂಗು ಸರಿಯಿಲ್ಲ ಸಾರ್, ಈ ಕಂಪನಿಯವರ ಹಣೆಬರಹವೇ ಇಷ್ಟು!" ಎಂದರು ಮೇಷ್ಟ್ರು. ಸಾಹುಕಾರರು ಹೌದೇ ಎನ್ನುವಂತೆ ಹುಬ್ಬೇರಿಸಿದರು.

ಕೊನೆಗೆ ರಸ್ತೆ ಬಲಕ್ಕೆ ತಿರುಗಿತು, ಕಾರು ತಿರುಗಲಿಲ್ಲ. "ಬಲಕ್ಕೆ ಸಾರ್, ಬಲಕ್ಕೆ!" ಎಂದು ಮೇಷ್ಟ್ರು ಕೂಗುವಷ್ಟರಲ್ಲಿ ಭಾವಮೈದ, "ಭಾವ, ಷೇರು ಏರ್ತಾ ಇದೆ!" ಎಂದು ಮೊಬೈಲನ್ನು ಅವರ ಮೂಗಿಗೇ ಹಿಡಿದ. ಬ್ರೇಕಿನ ಮೇಲಿದ್ದ ಕಾಲು ಆನಂದಕ್ಕೆ ಸಡಿಲಾಯಿತು. ಕಾರು ಹೋಗಿ ಯಾರದೋ ಕಾಂಪೌಂಡು ಗೋಡೆಗೆ ಮುತ್ತಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಬಂಪರ್ ಒಂದು ಕಡೆ ಜೋತುಬಿತ್ತು.

ಸಾಹುಕಾರರ ಮುಖ ಮೊದಲ ಸಲ ಬಾಡಿತು. ಮೇಷ್ಟ್ರಿಗೆ ಫೀಸು ನೆನಪಾಯಿತು. ನಾಳೆ ಇವರು ಬರದಿದ್ದರೆ? "ಅಯ್ಯೋ, ನೀವು ತಿರುಗಿಸಿದ್ರಿ ಸಾರ್, ಅದೇ ತಿರುಗ್ಲಿಲ್ಲ! ಇದೂ ಒಂದು ಕಾರೇ? ತಗಡು ಡಬ್ಬಿ! ಇಪ್ಪತ್ತು ವರ್ಷದ ಅನುಭವದಿಂದ ಹೇಳ್ತೀನಿ, ಇಂಥ ದರಿದ್ರ ಕಂಪನಿ ಇನ್ನೊಂದಿಲ್ಲ!"

ಸಾಹುಕಾರರ ಮುಖ ಅರಳಿತು. ಇಳಿದು ಮರದ ನೆರಳಿಗೆ ಹೋಗಿ ಯಾರಿಗೋ ಫೋನು ಮಾಡಿದರು. "ಆ ಕಾರಿನ ಕಂಪನೀದು ನಮ್ಮ ಹತ್ರ ಇರೋದನ್ನೆಲ್ಲ ಮಾರಿಬಿಡಿ. ಹ್ಞೂಂ, ಈಗ್ಲೇ, ಪೂರ್ತಿ."

ಸುದ್ದಿಗೆ ಕಾಲು ಬಂದರೆ ಕೇಳಬೇಕೆ? ಸಾಹುಕಾರರು ಕೈಬಿಟ್ಟರಂತೆ ಎಂದು ಉಳಿದವರೂ ಮಾರತೊಡಗಿದರು. ಗೋಡೆಯವರು ಹೊರಗೆ ಬಂದು ಗೋಡೆ ನೋಡಿ, ಇವರನ್ನು ಬೈದು, ಒಳಗೆ ಹೋಗುವಷ್ಟರಲ್ಲಿ ಭಾವಮೈದನ ಸ್ವರ ಅಳುವಿಗೆ ಬಂದಿತ್ತು. "ಭಾವ, ಇಳೀತು... ಅಯ್ಯೋ, ಮತ್ತೂ ಇಳೀತು... ಸಾಹುಕಾರರೇ ಮಾರ್ತಿದಾರಂತೆ!"

ಮೇಷ್ಟ್ರು ಜೋತಾಡುವ ಬಂಪರನ್ನು ಬಿಟ್ಟು ಓಡಿದರು. ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಶಿಷ್ಯನಿಗೆ ನಿಜ ಹೇಳಿದರು. "ಸಾರ್, ದಮ್ಮಯ್ಯ, ಮಾರಬೇಡಿ! ಬ್ರೇಕು ಚೆನ್ನಾಗಿದೆ, ಸ್ಪ್ರಿಂಗು ಚೆನ್ನಾಗಿದೆ, ಸ್ಟೀರಿಂಗು ಬೆಣ್ಣೆ! ನಿಮಗೆ ಓಡಿಸೋಕೆ ಬರಲ್ಲ, ಅಷ್ಟೇ!"

"ನಮ್ಮ ಭಾವ ಈಗಷ್ಟೇ ಆ ಷೇರಿಗೆ ಇದ್ದಬದ್ದದ್ದೆಲ್ಲ ಸುರಿದಿದಾರೆ ಸಾರ್!" ಎಂದು ಭಾವಮೈದ ಗೋಗರೆದ.

ಸಾಹುಕಾರರು ನಕ್ಕು ಮೇಷ್ಟ್ರ ಬೆನ್ನು ತಟ್ಟಿದರು. "ಅದಕ್ಕೇ ಈಗ ಹೊಗಳ್ತಿದೀರಿ. ಷೇರು ಕೊಂಡವನ ಹೊಗಳಿಕೆಗೆ ಯಾವತ್ತೂ ಕಿವಿಗೊಡಬಾರ್ದು ಮೇಷ್ಟ್ರೇ. ಇದೇ ನನ್ನ ಎಲ್ಲಕ್ಕಿಂತ ದೊಡ್ಡ ಸೂತ್ರ, ನಿಮಗೆ ಅಂತ ಬಿಟ್ಟಿಯಾಗಿ ಹೇಳಿದೀನಿ. ನಾಳೆ ಇದೇ ಹೊತ್ತಿಗೆ ಬರ್ತೀನಿ. ಬೇರೆ ಕಾರು ತನ್ನಿ."