ಚೀಲದಲ್ಲೇ ಉಳಿದ ಹನ್ನೊಂದು ಸೀಸೆ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ನೀವೇ ಕಂಡುಹಿಡಿದು ಹೇಳಿದರೆ ನನಗೆ ಬೇಜಾರಾಗುತ್ತದೆ. ಜನ ಬೇಸರ ಕಳೆಯಲಿಕ್ಕೆ ವಿಡಿಯೋ ಗೇಮ್ ಆಡುತ್ತಾರಂತೆ. ನಾನು ಆಡುವುದು ಹೆದರಲಿಕ್ಕೆ. ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಆಡುತ್ತೇನೆ. ನಲವತ್ನಾಲ್ಕು ವರ್ಷದ ಗಂಡಸು ಮೊಬೈಲು ನೋಡಿ "ಅಯ್ಯಯ್ಯೋ, ಹೋಯ್ತು!" ಅಂದರೆ ಪಕ್ಕದವರು ಸುಮ್ಮನಿರುತ್ತಾರೆಯೇ? ಒಮ್ಮೆ ಮುಂದಿನ ಸೀಟಿನ ಹೆಂಗಸೊಬ್ಬರು ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡರು ಎಂದು ತಿಳಿದು ನೀರಿನ ಬಾಟಲಿ ಕೊಟ್ಟರು. ನಿಜ ಹೇಳುವ ಧೈರ್ಯವಾಗದೆ ಕುಡಿದುಬಿಟ್ಟೆ.

ರಾಜ್ಯ ಕಟ್ಟುವ ತಂತ್ರದ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅವನ್ನು ತಯಾರಿಸುವವರಿಗೆ ಜಾಗರೂಕ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎನ್ನುತ್ತೇನೆ. ಹೊಲ ಕೊಡುತ್ತಾರೆ, ಕಣಜ ಕೊಡುತ್ತಾರೆ, ನಾಲ್ಕು ಜನ ಸೈನಿಕರನ್ನೂ ಕೊಡುತ್ತಾರೆ. ಎಲ್ಲರೂ ಪಕ್ಕದ ರಾಜ್ಯಕ್ಕೆ ನುಗ್ಗಿದರೆ ನಾನು ಗೋಡೆ ಕಟ್ಟುತ್ತೇನೆ. ಗೋಡೆಯ ಹಿಂದೆ ಇನ್ನೊಂದು ಗೋಡೆ. ಮುಂದೆ ಹೆಚ್ಚುಕಮ್ಮಿ ಆದರೆ ಇರಲಿ ಅಂತ ಸೈನಿಕರ ಊಟ ಅರ್ಧಕ್ಕೆ ಇಳಿಸಿ ಕಣಜ ತುಂಬಿಸುತ್ತೇನೆ. ಶತ್ರು ಬಂದ ದಿನ ನನ್ನ ಸೈನಿಕರಿಗೆ ಕತ್ತಿ ಎತ್ತುವ ತ್ರಾಣ ಇರುವುದಿಲ್ಲ. ಕಣಜ ಮಾತ್ರ ತುಂಬಿ ತುಳುಕುತ್ತಿರುತ್ತದೆ.

ಬಾಹ್ಯಾಕಾಶದ ಆಟಗಳು ಇನ್ನೂ ಘೋರ. ಎಲ್ಲಿ ನೋಡಿದರೂ ಕತ್ತಲು. ಇಂಧನದ ಮುಳ್ಳು ಒಂದು ಗೆರೆ ಇಳಿದರೂ ನೌಕೆಯನ್ನು ಹಿಂದಕ್ಕೆ ತಿರುಗಿಸುತ್ತೇನೆ. ನಾನೋ ಚಿಂತಾಮಣಿಗೆ ಹೋಗುವಾಗಲೂ ದಾರಿಯಲ್ಲಿ ಎಷ್ಟು ಪೆಟ್ರೋಲ್ ಬಂಕ್ ಇವೆ ಎಂದು ಲೆಕ್ಕ ಹಾಕುವ ಆಸಾಮಿ. ಅದಕ್ಕೇ ಹೊರಟ ಗ್ರಹದ ಸುತ್ತಲೇ ಗಿರಕಿ ಹೊಡೆಯುತ್ತಿರುತ್ತೇನೆ. ಎಲ್ಲಕ್ಕಿಂತ ಹೆದರಿಕೆ ಅಲ್ಲಿನ ನಿಶ್ಶಬ್ದ. ಎಂಜಿನ್ನಿನ ಸದ್ದು ಇದ್ದಕ್ಕಿದ್ದ ಹಾಗೆ ನಿಂತರೆ ಮುಂದೆ ಏನೋ ಕಾದಿದೆ ಎಂದೇ ಅರ್ಥ.

ಇಷ್ಟು ಸಾಲದೆಂದು ನಮ್ಮ ಕಚೇರಿಯ ನಾಗರಾಜು ನನಗೆ ರೋಗ್‌ಲೈಕ್ ಎಂಬ ಜಾತಿಯ ಆಟ ಹಿಡಿಸಿದ. ಒಂದು ಪಾತಾಳ, ಅದರ ತುಂಬ ರಾಕ್ಷಸರು. ಪ್ರತಿ ಸಲವೂ ದಾರಿ ಬೇರೆ. ಸತ್ತರೆ ಮುಗಿಯಿತು, ಗಳಿಸಿದ್ದೆಲ್ಲ ಹೋಗಿ ಮತ್ತೆ ಮೊದಲ ಮೆಟ್ಟಿಲಿನಿಂದ ಶುರು. ಪ್ರಾಣ ತುಂಬುವ ಔಷಧಿಯ ಸೀಸೆಗಳು ಅಲ್ಲಲ್ಲಿ ಸಿಗುತ್ತವೆ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಸೇರಿಸುತ್ತೇನೆ, ಮುಂದೆ ದೊಡ್ಡ ರಾಕ್ಷಸ ಬಂದಾಗ ಬೇಕಲ್ಲ ಅಂತ. ಒಂದು ದಿನ ಒಂದು ಜುಜುಬಿ ಇಲಿ ಕಚ್ಚಿ ಸತ್ತೆ. ಚೀಲದಲ್ಲಿ ಹನ್ನೊಂದು ಸೀಸೆ ಇದ್ದವು. ನಾಗರಾಜು ನೋಡಿ ಹಣೆ ಚಚ್ಚಿಕೊಂಡ. "ಸಾರ್, ಅದು ಕುಡಿಯೋಕ್ ಕೊಟ್ಟಿರೋದು ಸಾರ್, ಉಪ್ಪಿನಕಾಯಿ ಹಾಕೋಕಲ್ಲ." ಈ ಕಥೆಯನ್ನು ಮನೆಗೆ ಬಂದು ಹೆಂಡತಿ ಸುಜಾತಳಿಗೆ ಹೇಳಿದ್ದೇ ನಾನು ಮಾಡಿದ ತಪ್ಪು. ಅವಳು ಅಂಥದ್ದನ್ನೆಲ್ಲ ಮರೆಯುವವಳಲ್ಲ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಈ ಆಟವನ್ನು ನಿಜವಾಗಿ ಆಡುವವಳು ಸುಜಾತಳೇ. ಅವಳು ರೇಷ್ಮೆ ಹುಳು ಸಾಕುತ್ತಾಳೆ. ಮರಿ ತಂದು, ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಅಂದರೆ ನಾಲ್ಕು ಸಲ ಪೊರೆ ಬಿಡಿಸಿ, ಬೆರಳುದ್ದ ಬೆಳೆಸಿ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಎಲ್ಲವೂ ಸಾಯಬಹುದು. ಹೋದ ಬೆಳೆ ಹಾಗೇ ಆಯಿತು. ಹಾಲು ರೋಗ ಬಂದು ಎರಡೇ ದಿನದಲ್ಲಿ ಮನೆ ತುಂಬ ಇದ್ದ ಹುಳು ಹಿತ್ತಲಿನ ಗುಂಡಿ ಸೇರಿದವು. ಸುಜಾತ ಅಳಲಿಲ್ಲ. ಗುಂಡಿಗೆ ಸುಣ್ಣ ಸುರಿದು, ಅದೇ ಸುಣ್ಣ ಕೈಕಾಲಿಗೆಲ್ಲ ಮೆತ್ತಿಕೊಂಡು ಅದರ ಪಕ್ಕ ತುಂಬಾ ಹೊತ್ತು ಕೂತಿದ್ದಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹುಳು ಮನೆಯನ್ನೆಲ್ಲ ತೊಳೆದು ಮತ್ತೆ ಮರಿ ತಂದ ದಿನ ಹೇಳಿದಳು: "ಇದೂ ಹೋದ್ರೆ ಇನ್ನು ನಾನು ಹುಳ ಮೇಯ್ಸಲ್ಲ ಕಣ್ರೀ. ನನ್ ಕೈಲಾಗಲ್ಲ."

ಆ ಬೆಳೆ ನಾಲ್ಕನೇ ಜ್ವರ ದಾಟಿ ಎದ್ದ ಮೇಲೆ, ಒಂದು ಭಾನುವಾರ ಅವಳು ಹರಕೆಯೆಂದು ತಾಯಿಯ ಜೊತೆ ಕೈವಾರಕ್ಕೆ ಹೊರಟಳು. ಹುಳು ಮನೆ ನನ್ನ ಪಾಲಿಗೆ ಬಂತು. ನಾನು ಹುಟ್ಟಿದ್ದು ನಂದಿಯಲ್ಲಿ, ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ. ದ್ರಾಕ್ಷಿ ಯಾವತ್ತೂ ತಲೆ ಎತ್ತಿ ನಮ್ಮನ್ನು ನೋಡುವುದಿಲ್ಲ, ಹುಳು ನೋಡುತ್ತವೆ. ಹೊರಡುವಾಗ ಸುಜಾತ ಎರಡೆರಡು ಸಲ ಹೇಳಿದಳು: "ಎರಡು ಗಂಟೆಗೆ ಅಲ್ಲಿ ಗೋಣಿ ತಾಟಿನ ಕೆಳಗಿರೋ ಸೊಪ್ಪು ಪೂರ್ತಿ ಹಾಕ್ಬಿಡಿ. ಕೈಕಾಲು ತೊಳ್ಕೊಂಡೇ ಒಳಗೆ ಹೋಗಿ. ಸೆಂಟು, ಪೌಡ್ರು, ಸೊಳ್ಳೆ ಬತ್ತಿ ಯಾವ್ದೂ ಅತ್ಲಾಗೆ ಸುಳೀಬಾರ್ದು. ಯಾರ್ನೂ ಒಳಗೆ ಬಿಡ್ಬೇಡಿ."

ಎರಡು ಗಂಟೆಗೆ ಸರಿಯಾಗಿ ಕೈಕಾಲು ತೊಳೆದು ಒಳಗೆ ಹೋಗಿ ಸೊಪ್ಪು ಹಾಕಿದೆ. ಆ ವಯಸ್ಸಿನ ಹುಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗಿರುತ್ತದೆ. ಆ ಸದ್ದಿದ್ದರೆ ಎಲ್ಲ ಕ್ಷೇಮ. ಆಮೇಲೆ ಆಚೆ ಬಂದು ಜಗುಲಿಯ ಮೇಲೆ ಕೂತು ಪಾತಾಳಕ್ಕೆ ಇಳಿದೆ. ಕಾಲಿಗೆ ಸೊಳ್ಳೆ ಮುತ್ತಿದವು. ರಾಕ್ಷಸನಿಂದ ಕಣ್ಣು ತೆಗೆಯದೆ ಕಿಟಕಿಯ ಮೇಲಿದ್ದ ಟ್ಯೂಬು ಎಳೆದು ಕಾಲಿಗೆ ಸವರಿಕೊಂಡೆ. ಮೂರು ಗಂಟೆಗೆ ಒಮ್ಮೆ ಒಳಗೆ ಹೋಗಿ ಬಾಗಿಲ ಪಕ್ಕದ ಹುಳುವಿನ ಸ್ಟ್ಯಾಂಡಿನಲ್ಲಿ ಓರೆಯಾಗಿದ್ದ ಸೊಪ್ಪಿನ ಕಡ್ಡಿಗಳನ್ನು ಸರಿಮಾಡಿ ಬಂದೆ.

ಮೂರೂವರೆಗೆ ಮಳೆ ನಿಂತಿತು. ಆಕಾಶದ ಮಳೆಯಲ್ಲ, ಒಳಗಿನದು. ಕಿವಿಯಿಟ್ಟು ಕೇಳಿದೆ. ಏನೂ ಇಲ್ಲ. ಬಾಹ್ಯಾಕಾಶವೇ ನಮ್ಮ ಹಿತ್ತಲಿಗೆ ಬಂದ ಹಾಗಿತ್ತು. ಬೆವರು ಒರೆಸಿಕೊಳ್ಳಲು ಕೈ ಮುಖದ ಹತ್ತಿರ ತಂದಾಗ ಗಪ್ಪೆಂದು ವಾಸನೆ ಹೊಡೆಯಿತು. ಸೊಳ್ಳೆ ಮುಲಾಮು! ಅದೇ ಕೈಯಲ್ಲಿ ಕಡ್ಡಿ ಮುಟ್ಟಿದ್ದೆ. ಬಾಗಿಲ ಸಂದಿಯಿಂದ ಇಣುಕಿದೆ. ಒಂದು ಸ್ಟ್ಯಾಂಡಲ್ಲ, ಅಷ್ಟೂ ಸ್ಟ್ಯಾಂಡಿನ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ವಿಷ ತಾಗಿದರೆ ಹುಳು ಹಾಗೆ ತಲೆ ಆಡಿಸಿ, ವಾಂತಿ ಮಾಡಿಕೊಂಡು ಸಾಯುತ್ತವೆ ಎಂದು ಸುಜಾತಳೇ ಹೇಳಿದ್ದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿಬಿಟ್ಟೆ. ಆ ಗುಂಡಿ, ಆ ಸುಣ್ಣ, ಅವಳ ಮುಖ ಎಲ್ಲ ಕಣ್ಣ ಮುಂದೆ ಬಂದವು.

ಹುಳ ತಲೆ ಆಡಿಸ್ತಿವೆ ಬಾರಣ್ಣ ಎಂದು ಪಕ್ಕದ ಮನೆಯ ಮುನಿಯಪ್ಪಣ್ಣನನ್ನು ಕೂಗಿದೆ. ಮೂವತ್ತು ವರ್ಷ ಹುಳು ಮೇಯಿಸಿದ ಕೈ. ಆತ ಓಡಿಬಂದು ಗೇಟಿನಲ್ಲೇ ಗಕ್ಕನೆ ನಿಂತ. ಅವನ ಮನೆಯಲ್ಲೂ ಹುಳು ಇದ್ದವು, ಒಂದು ಮನೆಯ ಹುಳು ನೋಡಿದವನು ಇನ್ನೊಂದು ಮನೆಯ ಹುಳು ಮನೆಗೆ ಕಾಲಿಡಬಾರದು, ರೋಗ ಅಂಟುತ್ತದೆ. ಹಾಗಾಗಿ ಡಾಕ್ಟರು ಗೇಟಿನಾಚೆ, ರೋಗಿಗಳು ಬಾಗಿಲಿನೊಳಗೆ, ನಡುವೆ ನಾನು.

"ಏನಪ್ಪಾ, ವಾಂತಿ ಮಾಡ್ಕೊಂಡವಾ?"

"ಗೊತ್ತಿಲ್ಲಣ್ಣ."

"ಅಯ್ಯೋ ದೇವುಡಾ! ಹೋಗಿ ನೋಡಪ್ಪಾ ಮತ್ತೆ!"

"ಭಯ ಆಗ್ತದಣ್ಣ. ನನ್ ಮೈ ತುಂಬ ಮುಲಾಮಿದೆ."

"ಮುಲಾಮಾ!" ಎಂದವನೇ ಆತ ಗೇಟಿನಿಂದಲೂ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ದೂರ ನಿಂತವನೇ ಹೆದರಿದ್ದನ್ನು ನೋಡಿ ನನಗಿದ್ದ ಚೂರುಪಾರು ಧೈರ್ಯವೂ ಹೋಯಿತು. ಸುಜಾತಳಿಗೆ ಫೋನು ಮಾಡಲು ಮೂರು ಸಲ ನಂಬರು ಒತ್ತಿ ಮೂರು ಸಲವೂ ಕಟ್ ಮಾಡಿದೆ.

ನಾಲ್ಕೂವರೆಯ ಬಸ್ಸಿಗೆ ಅವಳೇ ಬಂದಳು. ಜಗುಲಿಯ ಮೇಲೆ ಕೂತಿದ್ದ ನನ್ನ ಮುಖ ನೋಡಿದಳು. ಕುಂಕುಮದ ಪೊಟ್ಟಣ ನನ್ನ ಪಕ್ಕ ಇಟ್ಟು, ಕೈಕಾಲು ತೊಳೆದು ಒಳಗೆ ಹೋದಳು. ನಾನು ಅಲ್ಲೇ ಕೂತು ಮುಲಾಮಿನಿಂದ ಹಿಡಿದು ಎಲ್ಲವನ್ನೂ ಗೋಡೆಗೆ ಮುಖಮಾಡಿ ಒಪ್ಪಿಸಿದೆ. ಒಳಗೆ ಅವಳು ಒಂದೊಂದೇ ಸ್ಟ್ಯಾಂಡಿನ ಕಡ್ಡಿ ಎತ್ತಿ ನೋಡುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಬಾಗಿಲಿಗೆ ಬಂದಳು.

"ರೀ, ಸೊಪ್ಪು ಎಷ್ಟು ಹಾಕಿದ್ರಿ?"

"ಅರ್ಧ."

"ಅರ್ಧ ಯಾಕೆ?"

"ಮೋಡ ಆಗಿತ್ತಲ್ಲ. ಮಳೆ ಬಂದು ತೋಟದಲ್ಲಿರೋ ಸೊಪ್ಪು ನೆಂದ್ರೆ ನಾಳೆಗೆ ಹುಳಕ್ಕೆ ಹಾಕಂಗಿಲ್ಲ. ಇರಲಿ ಅಂತ ಸ್ವಲ್ಪ ಉಳಿಸ್ದೆ."

ಗೋಣಿ ತಾಟು ಎತ್ತಿ ಅದರ ಕೆಳಗೆ ಗುಡ್ಡೆಯಾಗಿದ್ದ ಸೊಪ್ಪನ್ನು ನೋಡಿದಳು. ನನ್ನನ್ನು ನೋಡಿದಳು. "ವಿಷನೂ ಇಲ್ಲ ಏನೂ ಇಲ್ಲ. ಹಸ್ಕೊಂಡು ಸೊಪ್ಪು ಹುಡುಕ್ತಿವೆ ಕಣ್ರೀ!" ಎಂದಳು. ಧ್ವನಿ ನಡುಗುತ್ತಿತ್ತು. ಕೋಪಕ್ಕೋ, ಅವಳೂ ನನ್ನಷ್ಟೇ ಹೆದರಿದ್ದಳೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ನಾನು ಮುಟ್ಟಿದ್ದ ಮೊದಲ ಸ್ಟ್ಯಾಂಡಿನ ಕಡ್ಡಿಯ ಮೇಲೆ ಮಾತ್ರ ಒಂದು ಹಿಡಿ ಹುಳು ಹಸಿರು ವಾಂತಿ ಮಾಡಿಕೊಂಡು ಬಿದ್ದಿದ್ದವು. ಅವನ್ನು ಕಡ್ಡಿ ಸಮೇತ ಎತ್ತಿ ಹೂಳಿದಳು. ಮಿಕ್ಕವಕ್ಕೆಲ್ಲ ಸೊಪ್ಪು ಸುರಿದಳು. ಸ್ವಲ್ಪ ಹೊತ್ತಿಗೆ ಮಳೆ ಮತ್ತೆ ಶುರುವಾಯಿತು. ಬಾಗಿಲಾಚೆ ನಿಂತು ಅದನ್ನು ಕೇಳುತ್ತ ನನಗೆ ಅಳುವೇ ಬಂತು.

ಆ ಬೆಳೆ ಗೂಡು ಕಟ್ಟಿತು. ಸುಜಾತ ಮತ್ತೆ ಮರಿ ತಂದಿದ್ದಾಳೆ. ನನಗೆ ಮಾತ್ರ ಹುಳು ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಜಗುಲಿಯ ಮೇಲೆ ಕೂತು ಆಟವಾಡಿಕೊಂಡಿರಬೇಕೆಂದು ಆಜ್ಞೆಯಾಗಿದೆ. ನಾನೂ ಪಾಠ ಕಲಿತೆ ಅಂದುಕೊಂಡಿದ್ದೆ. ಮೊನ್ನೆ ಪಾತಾಳದಲ್ಲಿ ಒಂದು ಬಾವಲಿ ಅಡ್ಡ ಬಂತು. ಪ್ರಾಣ ಒಂದೇ ಗೆರೆ ಉಳಿದಿತ್ತು. ಬೆರಳು ಔಷಧಿಯ ಸೀಸೆಯ ಮೇಲೆ ಹೋಯಿತು. ಇದು ಬರೀ ಬಾವಲಿ, ಮುಂದೆ ಇನ್ನೇನು ಬರುತ್ತದೋ ಎಂದು ಒಂದು ಗಳಿಗೆ ತಡೆದೆ.

"ಅಯ್ಯಯ್ಯೋ!" ಎಂದೆ.

ಒಳಗೆ ಸೊಪ್ಪು ಹಾಕುತ್ತಿದ್ದ ಸುಜಾತ ಕೈ ನಿಲ್ಲಿಸದೆ ಕೇಳಿದಳು: "ಸತ್ರಾ?"

"ಹ್ಞೂಂ ಕಣೇ."

"ಎಷ್ಟು ಉಳಿಸಿದ್ರಿ?"